ಅಂಕವಿಲ್ಲದ ಚಿತ್ರಗಳು

1994ರಲ್ಲಿ ನನಗೆ ಠಾಣೆ ಶಾಖೆಗೆ ವರ್ಗವಾದಾಗ ಫೋರ್ಟಿನ ಆಫೀಸಿನಲ್ಲಿದ್ದ ಮರಾಠಿ ಗೆಳೆಯರು ಬಿದ್ದು ಬಿದ್ದು ನಕ್ಕರು. "ಅಂತೂ ನಿನ್ನನ್ನ ಠಾಣೆಗೆ ಕಳಿಸಿದರಲ್ಲಪ್ಪಾ!" ಎಂದು ಒಬ್ಬ ಬೆನ್ನು ಚಪ್ಪರಿಸಿದ. ಠಾಣೆಗೆ ಹೋಗುವುದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ಹೊಳೆಯಲಿಲ್ಲ. ಸಂಜೆ ಲೋಕಲ್ಲಿನಲ್ಲಿ ಇನ್ನೊಬ್ಬರು ಬಿಡಿಸಿ ಹೇಳಿದರು. ಮುಂಬಯಿಯಲ್ಲಿ 'ಅವನನ್ನು ಠಾಣೆಗೆ ಕಳಿಸಬೇಕು' ಅಂದರೆ ಅವನಿಗೆ ತಲೆ ಕೆಟ್ಟಿದೆ ಎಂದರ್ಥ. ದೊಡ್ಡ ಮನೋರೋಗಿಗಳ ಆಸ್ಪತ್ರೆ ಇರುವುದು ಠಾಣೆಯಲ್ಲಿ.

ಇದನ್ನು ಕೇಳಿ ನನಗೂ ನಗು ಬಂತು. ಯಾಕೆಂದರೆ ನಾನು ಧಾರವಾಡದವನು. ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆಯವರು ಯಾರಿಗಾದರೂ ಬೈಯುವಾಗ "ಇವನ್ನ ಧಾರವಾಡಕ್ಕ ಕಳಸಬೇಕ್ರಿ" ಅನ್ನುವುದನ್ನು ಕೇಳಿಕೊಂಡೇ ಬೆಳೆದವನು. ಒಂದು ಹುಚ್ಚಾಸ್ಪತ್ರೆಯ ಊರಿನಿಂದ ಹೊರಟು ಇನ್ನೊಂದು ಹುಚ್ಚಾಸ್ಪತ್ರೆಯ ಊರಿಗೆ ಬಂದು ಮುಟ್ಟಿದ್ದೆ ಅಷ್ಟೆ!

ಆಮೇಲೆ ತಿಳಿದದ್ದು, ಎರಡೂ ಒಂದೇ ಮನೆತನದವು ಎಂಬುದು. ಧಾರವಾಡದ ಆಸ್ಪತ್ರೆ 1845ರದು. ಠಾಣೆಯದು 1901ರಲ್ಲಿ ನರೋತ್ತಮದಾಸ ಮಾಧವದಾಸ ಎಂಬ ಹೆಸರು ಹೊತ್ತು ಶುರುವಾಯಿತು. ಎರಡೂ ಮುಂಬಯಿ ಪ್ರಾಂತ ಸರಕಾರದ ಕೈಕೆಳಗೆ ಇದ್ದವು. ಹಳೆಯ ಸರಕಾರಿ ಕಡತಗಳಲ್ಲಿ ಠಾಣೆಯ ಆಸ್ಪತ್ರೆಯನ್ನು ನೌಪಾಡಾದ ಹೆಸರಿನಿಂದಲೇ ಕರೆದಿದ್ದಾರೆ. ಆ ನೌಪಾಡಾದಲ್ಲೇ ನಾನು ಮೂವತ್ತು ವರ್ಷ ಸಂಸಾರ ಹೂಡಿದ್ದೇನೆ. ಧಾರವಾಡದ ಆಸ್ಪತ್ರೆ ಈಗ 'ಡಿಮ್ಹಾನ್ಸ್' ಎಂಬ ದೊಡ್ಡ ಸಂಸ್ಥೆ. ಹೆಸರು ಬದಲಾಯಿತು, ಕಾಯಿದೆ ಬದಲಾಯಿತು. ಜನರ ಬಾಯಲ್ಲಿಯ ಜೋಕು ಮಾತ್ರ ಎರಡೂ ಊರಲ್ಲಿ ಹಾಗೇ ಇದೆ.

ನೌಪಾಡಾ ಅಂದರೆ ಊರಿನವರಿಗೆ ಸ್ವಲ್ಪ ಹೇಳಬೇಕು. ಠಾಣೆ ಸ್ಟೇಶನ್ನಿನ ಪಶ್ಚಿಮಕ್ಕೆ ಇಳಿದು ಗೋಖಲೆ ರೋಡು ಹಿಡಿದರೆ ಅದೇ ನೌಪಾಡಾ. ರಾಮಮಾರುತಿ ರೋಡಿನ ಸೀರೆ ಅಂಗಡಿಗಳು, ಗಾಂವದೇವಿ ಮೈದಾನ, ಹರಿನಿವಾಸ ವೃತ್ತ. ಮರಾಠಿ ಮಧ್ಯಮ ವರ್ಗದ ಹಳೆಯ ಮೂರು ಮಾಳಿಗೆಯ ಕಟ್ಟಡಗಳು, ಅವನ್ನು ಕೆಡವಿ ಎಬ್ಬಿಸುತ್ತಿರುವ ಇಪ್ಪತ್ತು ಮಾಳಿಗೆಯ ಗೋಪುರಗಳು. ನಮ್ಮ ಧಾರವಾಡದ ಮಾಳಮಡ್ಡಿಯನ್ನು ಯಾರೋ ಎತ್ತಿ ತಂದು ಲೋಕಲ್ ಗಾಡಿಯ ಪಕ್ಕದಲ್ಲಿ ಇಟ್ಟಹಾಗೆ. ನಾಟಕ, ಭಾಷಣಮಾಲೆ, ದಿವಾಳಿ ಅಂಕ, ಮಕ್ಕಳಿಗೆ ಚಿತ್ರಕಲೆಯ ಕ್ಲಾಸು, ಇವೆಲ್ಲ ಇಲ್ಲಿಯ ಜನರಿಗೆ ಊಟದಷ್ಟೇ ಸಹಜ. 1990ರಲ್ಲಿ ಮನೋವೈದ್ಯ ಡಾ. ಆನಂದ ನಾಡಕರ್ಣಿ ಮತ್ತು ಸಂಗಡಿಗರು ಕಟ್ಟಿದ 'ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್' ಇರುವುದೂ ಠಾಣೆಯಲ್ಲೇ. ಹೀಗಾಗಿ 'ಠಾಣೆಗೆ ಕಳಿಸಬೇಕು' ಎಂಬ ಜೋಕಿನ ಊರಲ್ಲೇ ಮನಸ್ಸಿನ ಮಾತನ್ನು ನಾಚಿಕೆಯಿಲ್ಲದೆ ಆಡುವ ಜನವೂ ತಯಾರಾಯಿತು.

ಇತ್ತೀಚಿನ ವರ್ಷಗಳಲ್ಲಿ ಇಲ್ಲಿಯ ಬೋರ್ಡುಗಳ ನಡುವೆ ಒಂದು ಹೊಸ ಮಾತು ಸೇರಿಕೊಂಡಿದೆ: ಆರ್ಟ್ ಥೆರಪಿ. ಚಿತ್ರ ಬಿಡಿಸಿ, ಮಣ್ಣು ಕಲಸಿ, ಬಣ್ಣ ಬಳಿದು ಮನಸ್ಸಿನ ಭಾರ ಇಳಿಸಿಕೊಳ್ಳುವ ಪದ್ಧತಿ. ಕನ್ನಡದಲ್ಲಿ 'ಕಲಾ ಚಿಕಿತ್ಸೆ' ಅನ್ನಬಹುದು. ಇದರ ಬಗ್ಗೆ ಗುಣ ದೋಷ ಎರಡನ್ನೂ ಬರೆಯುವುದು ನನ್ನ ಉದ್ದೇಶ. ನಾನು ವೈದ್ಯನಲ್ಲ, ಕಲಾವಿದನಂತೂ ಅಲ್ಲವೇ ಅಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಎಂ.ಕಾಂ., ಮೂವತ್ತೇಳು ವರ್ಷ ಬ್ಯಾಂಕಿನ ಲೆಕ್ಕ. ಆದರೆ ಈ ಚಿಕಿತ್ಸೆಯ ಗಿರಾಕಿಯಾಗಿ ಎರಡು ಬಾಗಿಲು ತಟ್ಟಿ ಬಂದವನು. ಗಿರಾಕಿಗೆ ದೂರು ಕೊಡುವ ಹಕ್ಕಿದೆ, ಹೊಗಳುವ ಹಕ್ಕೂ ಇದೆ.

ಯಾಕೆ ಹೋದೆ ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 2020ರ ನವೆಂಬರಿನಲ್ಲಿ ನಿವೃತ್ತನಾದೆ. ಕೊರೊನಾ ಕಾಲ, ಬೀಳ್ಕೊಡುಗೆಯೂ ಕಂಪ್ಯೂಟರಿನ ಪರದೆಯ ಮೇಲೆ. ಮುಂದಿನ ಮೇ ತಿಂಗಳಲ್ಲಿ ಧಾರವಾಡದ ಮನೆಯಲ್ಲಿದ್ದ ನನ್ನ ತಮ್ಮ ತೀರಿಕೊಂಡ. ನನಗಿಂತ ಮೂರು ವರ್ಷ ಚಿಕ್ಕವನು. ಎರಡೂ ರಾಜ್ಯಗಳಲ್ಲಿ ನಿರ್ಬಂಧ, ನನಗೇ ಜ್ವರ. ಹೋಗಲಾಗಲಿಲ್ಲ. ಅಂತ್ಯಕ್ರಿಯೆಯನ್ನು ಮಗಳ ಮೊಬೈಲಿನಲ್ಲಿ ನೋಡಿದೆ. ಮಧ್ಯದಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಬಂದಾಗ ಎಲ್ಲ ಮುಗಿದಿತ್ತು.

ನಾನು ಅಳಲಿಲ್ಲ. ಮನೆಯವರು ಮೊದಲು ಅದನ್ನು ಗಟ್ಟಿತನ ಅಂದುಕೊಂಡರು. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಗ್ಯಾಸಿನ ಗುಂಡಿ, ಬಾಗಿಲ ಚಿಲಕ, ಬೀರುವಿನ ಕೀಲಿ ಮತ್ತೆ ಮತ್ತೆ ನೋಡತೊಡಗಿದೆ. ಹಳೆಯ ಪಾಸ್‌ಬುಕ್ಕುಗಳನ್ನು ತೆಗೆದು ಕೂಡಿಸುವುದು, ಕಳೆಯುವುದು. "ನಿಮಗ ಏನಾಗ್ಯದ, ಹೇಳ್ರೀ" ಅಂತ ಹೆಂಡತಿ ಕೇಳಿದರೆ "ಏನಿಲ್ಲಲಾ" ಅನ್ನುವುದು. ಒಂದು ವರ್ಷ ಹೀಗೇ ಹೋಯಿತು. ಕೊನೆಗೆ ಮಗಳು ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅವರು ನಿದ್ದೆಗೆ ಗುಳಿಗೆ ಬರೆದುಕೊಟ್ಟರು, ಮಾತಾಡಿ ಎಂದರು. ಮಾತಾಡುವುದೇ ನನಗೆ ಬರುತ್ತಿರಲಿಲ್ಲ. ಆಗ ಮಗಳು ಎಲ್ಲೋ ಓದಿ, "ಅಪ್ಪಾ, ಚಿತ್ರಾ ತಗೀತೀಯೇನು?" ಅಂದಳು.

ಮೊದಲು ಹೋದ ಜಾಗದ ಹೆಸರು ಬೇಡ. ನಾಲ್ಕು ಶನಿವಾರದ ಶಿಬಿರ. ಒಳ್ಳೆಯ ಹಾಲು, ಏಸಿ, ಚಹಾ ಬಿಸ್ಕೀಟು. ಎಲ್ಲರಿಗೂ ಒಂದೊಂದು ಜೆರಾಕ್ಸ್ ಹಾಳೆ, ಅದರಲ್ಲಿ ಮೊದಲೇ ಅಚ್ಚು ಮಾಡಿದ ಮಂಡಲ. ಗೆರೆಯ ಹೊರಗೆ ಹೋಗದಂತೆ ಬಣ್ಣ ತುಂಬಬೇಕು. ನಾನು ಬ್ಯಾಂಕಿನವನು, ಗೆರೆಯೊಳಗೆ ಇರುವುದು ನನಗೆ ಚೆನ್ನಾಗಿ ಗೊತ್ತು! ತುಂಬಿದೆ. ನಿಜ ಹೇಳಬೇಕೆಂದರೆ ಆ ಒಂದು ತಾಸು ಹಿತವಾಗಿಯೇ ಇತ್ತು.

ಎರಡನೆಯ ವಾರ ಬಣ್ಣಗಳ ಅರ್ಥ ಹೇಳಿಕೊಟ್ಟರು. ಹಳದಿ ಅಂದರೆ ಸಂತೋಷ, ಕೆಂಪು ಅಂದರೆ ಸಿಟ್ಟು, ಕಪ್ಪು ಅಂದರೆ ಖಿನ್ನತೆ. ಮೂರನೆಯ ವಾರ ಒಬ್ಬ ಹೆಣ್ಣುಮಗಳು, ಮೂವತ್ತೈದರ ಆಸುಪಾಸು, ಹಾಳೆಯ ಮುಕ್ಕಾಲು ಭಾಗ ಕಪ್ಪು ಬಳಿದಿದ್ದಳು. ನಡೆಸುತ್ತಿದ್ದವರು ಆ ಹಾಳೆಯನ್ನು ಎತ್ತಿ ಹಿಡಿದು ಇಪ್ಪತ್ತು ಜನರ ಎದುರು ಅದರ ಅರ್ಥ ಬಿಡಿಸಿದರು. ಆಕೆ ತಲೆ ಕೆಳಗೆ ಹಾಕಿ ಕೂತಿದ್ದಳು. ನಾಲ್ಕನೆಯ ವಾರ ಪ್ರದರ್ಶನ, ಮೂರು ಬಹುಮಾನ, ಎಲ್ಲರಿಗೂ ಸರ್ಟಿಫಿಕೇಟು. ನನಗೆ ಎರಡನೆಯ ಬಹುಮಾನ ಬಂತು. ಆಕೆ ಆ ದಿನ ಬಂದಿರಲಿಲ್ಲ.

ಆ ಸರ್ಟಿಫಿಕೇಟು ಹಿಡಿದುಕೊಂಡು ಗೋಖಲೆ ರೋಡಿನಲ್ಲಿ ನಡೆದು ಬರುವಾಗ ನನಗೆ ಬಹಳ ಕಸಿವಿಸಿಯಾಯಿತು. ಕಪ್ಪು ಅಂದರೆ ಖಿನ್ನತೆ ಎಂದು ಯಾರು ಹೇಳಿದರು? ನಮ್ಮ ಧಾರವಾಡ ಜಿಲ್ಲೆಯ ಎರೆ ಭೂಮಿ ಕಪ್ಪು. ಹತ್ತಿ, ಜೋಳ, ಕಡಲೆ ಬೆಳೆಯುವ ನೆಲ. ನಮ್ಮ ಅವ್ವನ ಚಂದ್ರಕಾಳಿ ಸೀರೆ ಕಪ್ಪು. ಈ ಠಾಣೆಯಲ್ಲಿ ಸಂಕ್ರಾಂತಿಗೆ ಹೆಣ್ಣುಮಕ್ಕಳು ಹುಡುಕಿ ಹುಡುಕಿ ಕಪ್ಪು ಸೀರೆ ಉಟ್ಟು ಅರಿಷಿಣ ಕುಂಕುಮಕ್ಕೆ ಹೋಗುತ್ತಾರೆ. ಆ ಹಾಳೆಯ ಕಪ್ಪು ಯಾವ ಕಪ್ಪು ಎಂದು ಬರೆದವಳನ್ನೇ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಇನ್ನು ಬಹುಮಾನದ ವಿಷಯ. ಮಹಾರಾಷ್ಟ್ರದಲ್ಲಿ ಶಾಲೆಯ ಮಕ್ಕಳಿಗೆ 'ಎಲಿಮೆಂಟರಿ', 'ಇಂಟರ್‌ಮೀಡಿಯೇಟ್' ಎಂಬ ಚಿತ್ರಕಲೆಯ ಸರಕಾರಿ ಪರೀಕ್ಷೆಗಳಿವೆ. ಅದರ ಗ್ರೇಡಿನ ಮೇಲೆ ಹತ್ತನೆಯ ಇಯತ್ತೆಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ. ಹೀಗಾಗಿ ನೌಪಾಡಾದ ಅಪ್ಪ ಅಮ್ಮಂದಿರು ಮಕ್ಕಳನ್ನು ಕ್ಲಾಸಿಗೆ ಕಳಿಸುತ್ತಾರೆ. ಅದು ತಪ್ಪಲ್ಲ, ಕೈ ಪಳಗುತ್ತದೆ. ಆದರೆ ಚಿತ್ರ ಅಂದರೆ ಅಂಕ ಎಂಬ ಲೆಕ್ಕ ಚಿಕ್ಕಂದಿನಿಂದ ಮೈಗೂಡಿಬಿಡುತ್ತದೆ. ಅದೇ ಲೆಕ್ಕವನ್ನು ಮನಸ್ಸು ನೊಂದವರ ಕೋಣೆಗೂ ತಂದರೆ ನೊಂದವನು ಚಂದವಾಗಿ ಬರೆಯಲು ಹೋಗುತ್ತಾನೆಯೇ ಹೊರತು ತನ್ನದನ್ನು ಬರೆಯುವುದಿಲ್ಲ. ನಾನು ಮಾಡಿದ್ದೂ ಅದೇ. ಎರಡನೆಯ ಬಹುಮಾನ ಬಂದ ಆ ರಾತ್ರಿಯೂ ಎದ್ದು ಗ್ಯಾಸಿನ ಗುಂಡಿ ನೋಡಿದೆ.

ನಿವೃತ್ತನಿಗೆ ಸಮಯಕ್ಕೇನು ಬರ? ಈ 'ಥೆರಪಿ' ಎಂಬುದರ ಮೂಲ ಎಲ್ಲಿದೆ ನೋಡೋಣ ಎಂದು ಓದತೊಡಗಿದೆ. ಈ ಮಾತನ್ನು ಮೊದಲು ಬಳಕೆಗೆ ತಂದವನು ಏಡ್ರಿಯನ್ ಹಿಲ್ ಎಂಬ ಇಂಗ್ಲಿಷ್ ಚಿತ್ರಕಾರ ಎನ್ನುತ್ತಾರೆ. 1938ರಲ್ಲಿ ಅವನು ಕ್ಷಯ ಹಿಡಿದು ಸ್ಯಾನಿಟೋರಿಯಂ ಸೇರಿದ. ತಿಂಗಳುಗಟ್ಟಲೆ ಮಲಗಿರಬೇಕು. ಮಂಚದ ಪಕ್ಕದ ಸಣ್ಣ ಪುಟ್ಟ ವಸ್ತುಗಳ ಚಿತ್ರ ಬರೆಯುತ್ತ ಬರೆಯುತ್ತ ತನ್ನ ಬೇಸರ ನೀಗಿತೆಂದು ಕಂಡುಕೊಂಡ. ಆಮೇಲೆ ಉಳಿದ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸಿಪಾಯಿಗಳಿಗೂ ಕಲಿಸಿದ. 1942ರಲ್ಲಿ ಅದಕ್ಕೆ 'ಆರ್ಟ್ ಥೆರಪಿ' ಎಂದು ಹೆಸರಿಟ್ಟ. 1945ರಲ್ಲಿ ಪುಸ್ತಕ ಬಂತು. ಅಂದರೆ ಇದು ಹುಟ್ಟಿದ್ದು ಮನೆ ಬಿಟ್ಟು ದೂರ ಮಲಗಿದ್ದವರ ನಡುವೆ.

ಇನ್ನೊಂದು ಕಥೆ ಇದಕ್ಕಿಂತ ಕಠಿಣ. ವಿಯೆನ್ನಾದಲ್ಲಿ ಹುಟ್ಟಿದ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಎಂಬ ಯಹೂದಿ ಕಲಾವಿದೆ ಹಿಟ್ಲರನ ಕಾಲದಲ್ಲಿ ಊರು ಬಿಟ್ಟು ಪ್ರಾಗ್ ಸೇರಿದಳು. ಅಲ್ಲಿ ತನ್ನಂತೆಯೇ ನೆಲೆ ತಪ್ಪಿ ಬಂದವರ ಮಕ್ಕಳಿಗೆ ಚಿತ್ರ ಹೇಳಿಕೊಟ್ಟಳು. 1942ರ ಡಿಸೆಂಬರಿನಲ್ಲಿ ಅವಳನ್ನು ಟೆರೆಜಿನ್ ಎಂಬ ಬಂದೀಖಾನೆ ಊರಿಗೆ ಸಾಗಿಸಿದರು. ಅಲ್ಲಿಯೂ ಮಕ್ಕಳನ್ನು ಕೂಡಿಸಿಕೊಂಡು ಚಿತ್ರ ಬರೆಸಿದಳು. 1944ರ ಅಕ್ಟೋಬರಿನಲ್ಲಿ ಅವಳನ್ನು ಆಶ್ವಿಟ್ಜ್‌ಗೆ ಕಳಿಸಿ ಕೊಂದರು. ಹೋಗುವ ಮುಂಚೆ ಎರಡು ಪೆಟ್ಟಿಗೆಗಳಲ್ಲಿ ಮಕ್ಕಳ ಸುಮಾರು 4,500 ಚಿತ್ರಗಳನ್ನು ಅಡಗಿಸಿಟ್ಟಿದ್ದಳು. ಅವು ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಆ ಮಕ್ಕಳಲ್ಲಿ ಬಹುಪಾಲು ಬದುಕಿ ಉಳಿಯಲಿಲ್ಲ. ಪ್ರಾಗ್‌ನಲ್ಲಿ ಅವಳ ಕೈಕೆಳಗೆ ಕಲಿತ ಈಡಿತ್ ಕ್ರೇಮರ್ 1938ರಲ್ಲಿ ಅಮೆರಿಕಕ್ಕೆ ಪಾರಾಗಿ ಹೋಗಿ ಅಲ್ಲಿ ಮಕ್ಕಳ ಕಲಾ ಚಿಕಿತ್ಸೆಗೆ ಬುನಾದಿ ಹಾಕಿದವರಲ್ಲಿ ಒಬ್ಬಳಾದಳು.

ಇದನ್ನು ಓದಿದ ಮೇಲೆ 'ಬಣ್ಣ ತುಂಬಿ, ಟೆನ್ಶನ್ ಬಿಡಿ' ಎಂಬ ಜಾಹೀರಾತು ನೋಡಿದರೆ ಸಂಕಟವಾಗುತ್ತದೆ. ಟೆರೆಜಿನ್‌ನಲ್ಲಿ ಚಿತ್ರ ಬರೆದ ಮಕ್ಕಳ ಟೆನ್ಶನ್ ಯಾರೂ ಬಿಡಿಸಲಿಲ್ಲ. ಆ ಒಂದು ತಾಸು ಅವರ ಪಕ್ಕ ಒಬ್ಬ ದೊಡ್ಡವಳು ಕೂತಿದ್ದಳು, ಅವರು ಕಂಡದ್ದನ್ನು ಗಮನವಿಟ್ಟು ನೋಡಿದಳು. ಅಷ್ಟೇ ಅವಳ ಕೈಲಿದ್ದದ್ದು.

ಈ ಕ್ಷೇತ್ರದಲ್ಲಿ ಮೊದಲಿನಿಂದಲೂ ಎರಡು ಪಂಥ. ಚಿತ್ರ ಎಂಬುದು ಮಾತಿಗೆ ದಾರಿ. ಒಳಗೆ ಹೂತದ್ದು ಮೊದಲು ಚಿತ್ರದಲ್ಲಿ ಬರುತ್ತದೆ, ಆಮೇಲೆ ಅದರ ಬಗ್ಗೆ ಮಾತಾಡಬೇಕು ಎಂದಳು ಮಾರ್ಗರೆಟ್ ನಾಂಬರ್ಗ್. ಬರೆಯುವ ಕ್ರಿಯೆಯಲ್ಲೇ ಗುಣವಿದೆ ಎಂದಳು ಕ್ರೇಮರ್. ಇಬ್ಬರ ನಡುವೆ ತೀರ್ಪು ಕೊಡಲು ನಾನು ಯಾರು? ಆದರೆ ಒಂದು ಮಾತಿನಲ್ಲಿ ಇಬ್ಬರದೂ ಒಪ್ಪಿಗೆ ಇದೆ: ಪಕ್ಕದಲ್ಲಿ ಅರಿತ ಮನುಷ್ಯ ಇರಬೇಕು.

ಸರಿ, ಇದರಿಂದ ಉಪಯೋಗವಾಗುತ್ತದೆಯೇ? ಲೆಕ್ಕ ನೋಡದೆ ಒಪ್ಪುವ ಜಾತಿ ನಮ್ಮದಲ್ಲ. ಮೊದಲು ಜಮೆಯ ಕಡೆ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ಜನರಿಗೆ 45 ನಿಮಿಷ ಮನಸ್ಸಿಗೆ ಬಂದಂತೆ ಚಿತ್ರ, ಮಣ್ಣಿನ ಕೆಲಸ ಮಾಡಲು ಬಿಟ್ಟರು. ಮೊದಲೂ ಆಮೇಲೂ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಅಳೆದರು. ಸುಮಾರು ಶೇಕಡಾ 75 ಜನರಲ್ಲಿ ಅದು ಇಳಿದಿತ್ತು. ಮುಂಚೆ ಚಿತ್ರ ಕಲಿತವರು, ಕಲಿಯದವರು ಎಂಬ ಭೇದ ಕಾಣಲಿಲ್ಲ. ಆದರೆ ತಾಳೆ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಇದ್ದವರೆಲ್ಲ ಆರೋಗ್ಯವಂತರು. 2005ರ ಇನ್ನೊಂದು ಪರೀಕ್ಷೆಯಲ್ಲಿ ಕರಿ ಮತ್ತು ಕ್ಯಾಸರ್ ಎಂಬುವರು 84 ಕಾಲೇಜು ವಿದ್ಯಾರ್ಥಿಗಳನ್ನು ಮೂರು ಪಾಲು ಮಾಡಿದರು. ಕೆಲವರಿಗೆ ಮಂಡಲ, ಕೆಲವರಿಗೆ ಚೌಕಳಿ ವಿನ್ಯಾಸ, ಕೆಲವರಿಗೆ ಖಾಲಿ ಹಾಳೆ. ಮಂಡಲ ಮತ್ತು ಚೌಕಳಿ ತುಂಬಿದವರ ಆತಂಕ ಖಾಲಿ ಹಾಳೆಯವರಿಗಿಂತ ಹೆಚ್ಚು ಇಳಿಯಿತು. ನನ್ನ ಮೊದಲ ಶನಿವಾರದ ಹಿತಕ್ಕೆ ಕಾರಣ ಇದೇ ಇರಬೇಕು. ಜೆರಾಕ್ಸ್ ಮಂಡಲ ಸುಳ್ಳಲ್ಲ. ಆದರೆ ಅದು ತಲೆನೋವಿಗೆ ಹಚ್ಚಿಕೊಳ್ಳುವ ಮುಲಾಮು, ಅಷ್ಟಕ್ಕೇ ಅದರ ಬೆಲೆ.

ಈಗ ಖರ್ಚಿನ ಕಡೆ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇದ್ದ 417 ಜನರ ಮೇಲೆ 'ಮ್ಯಾಟಿಸ್' ಎಂಬ ದೊಡ್ಡ ಪರೀಕ್ಷೆ ನಡೆಯಿತು. ಕೆಲವರಿಗೆ ಮಾಮೂಲು ಚಿಕಿತ್ಸೆಯ ಜೊತೆ ವಾರಕ್ಕೊಮ್ಮೆ ಗುಂಪಿನಲ್ಲಿ ಕಲಾ ಚಿಕಿತ್ಸೆ, ಕೆಲವರಿಗೆ ಬೇರೆ ಚಟುವಟಿಕೆ, ಕೆಲವರಿಗೆ ಮಾಮೂಲು ಚಿಕಿತ್ಸೆ ಮಾತ್ರ. ಎರಡು ವರ್ಷದ ಮೇಲೆ ನೋಡಿದರೆ ಮೂರು ಗುಂಪುಗಳಲ್ಲಿ ಹೇಳಿಕೊಳ್ಳುವಂಥ ಫರಕು ಇರಲಿಲ್ಲ. 2012ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಗುಂಪಿಗೆ ಬರುವವರ ಹಾಜರಿಯೇ ಕಡಿಮೆ ಇತ್ತು ಎಂಬುದೂ ಅದರಲ್ಲಿದೆ. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ, ಕಲೆಯಿಂದ ಆರೋಗ್ಯಕ್ಕೆ ನೆರವಾಗುತ್ತದೆ ಎಂದೇ ವರದಿ ಕೊಟ್ಟಿತು.

ನನ್ನ ಆಡಿಟ್ ಟಿಪ್ಪಣಿ ಇಷ್ಟು: ಖಾತೆ ಸುಳ್ಳಲ್ಲ, ಆದರೆ ಬಡ್ಡಿ ಜಾಹೀರಾತಿನಲ್ಲಿ ಹೇಳಿದಷ್ಟು ಬರುವುದಿಲ್ಲ. ದೊಡ್ಡ ಕಾಯಿಲೆಗೆ ಇದು ಔಷಧದ ಬದಲಿಗೆ ಅಲ್ಲ. ಗುಳಿಗೆ ಬಿಟ್ಟು ಬಣ್ಣ ಹಿಡಿಯಿರಿ ಎನ್ನುವವನು ಸಿಕ್ಕರೆ ಅಲ್ಲಿಂದ ಎದ್ದು ಬರಬೇಕು.

ಇಲ್ಲಿ ನಮ್ಮವರು ಒಂದು ಮಾತು ತೆಗೆಯುತ್ತಾರೆ. "ಇದೆಲ್ಲ ಫಾರಿನ್ನಿನವರಿಂದ ಕಲೀಬೇಕೇನ್ರಿ? ನಮ್ಮ ರಂಗೋಲಿ ಏನು, ಯಕ್ಷಗಾನ ಏನು, ಭಜನೆ ಏನು, ಇವೆಲ್ಲ ಥೆರಪೀನೇ ಅಲ್ಲೇನು?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಚುಕ್ಕಿ ಇಟ್ಟು ಎಳೆ ಎಳೆಯುವ ರಂಗೋಲಿ ಆ 84 ವಿದ್ಯಾರ್ಥಿಗಳ ಮಂಡಲದ ಅಕ್ಕನೇ ಸರಿ. ಗುಡಿ ಪಾಡವಾಕ್ಕೆ ಗಾಂವದೇವಿ ಮೈದಾನದಲ್ಲಿ ಬಿಡಿಸುವ ಮಹಾರಂಗೋಲಿಯ ಮುಂದೆ ನಿಂತರೆ ನೋಡುವವರ ಮನಸ್ಸೂ ಹಗುರಾಗುತ್ತದೆ. ಮುಂಬಯಿಯ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಕರಾವಳಿಯ ಹುಡುಗರು ವರ್ಷಕ್ಕೊಮ್ಮೆ ಕಿರೀಟ ಕಟ್ಟಿ ವೇಷ ಹಾಕಿದಾಗ ಅವರೊಳಗಿನ ಎಷ್ಟು ದುಃಖ ಹರಿದು ಹೋಗಿರಬೇಕು! ಮಾಟುಂಗದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದ್ದು ಕಾರ್ಯಕ್ರಮಕ್ಕಾಗಿ ಮಾತ್ರವಲ್ಲ, ಒಂಟಿತನಕ್ಕಾಗಿಯೂ ಹೌದು. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂದಾಗ ಮುಂಬಯಿಯ ಕಂಪನಿಯಲ್ಲಿ ಒಬ್ಬಂಟಿಯಾಗಿ ಸಿಕ್ಕಿಬಿದ್ದ ನಾಗಪ್ಪನಲ್ಲಿ ತಮ್ಮನ್ನು ಕಂಡ ಕನ್ನಡಿಗರು ಎಷ್ಟೋ ಮಂದಿ.

ಉಳಿದ ಅರ್ಧವನ್ನೂ ಹೇಳಬೇಕು. ರಂಗೋಲಿ ಹಾಕಿದ ಹೆಣ್ಣುಮಗಳನ್ನು "ಚಂದ ಬಂದದ" ಅಂದವರುಂಟು, "ನಿನಗೇನಾಗ್ಯದ" ಎಂದು ಕೇಳಿದವರು ಇಲ್ಲ. ವೇಷ ಕಳಚಿದ ಹುಡುಗ ಮತ್ತೆ ಅದೇ ಬಸಿ ತೊಳೆಯಲು ಹೋದ. ಕಲೆ ಸಮಾಧಾನ ಕೊಟ್ಟಿತು, ನಿಜ. ಆದರೆ ಕುಸಿದವನನ್ನು ಹಿಡಿದುಕೊಳ್ಳುವ ಏರ್ಪಾಡು ಅದರಲ್ಲಿ ಇರಲಿಲ್ಲ. ನಮ್ಮಲ್ಲಿ ಎಲ್ಲ ಇತ್ತು ಎಂದು ಹೇಳಿ ಸುಮ್ಮನಾದರೆ ನೊಂದವರನ್ನು ಮತ್ತೆ ರಂಗೋಲಿಯ ಮುಂದೆಯೇ ಬಿಟ್ಟು ಬಂದಹಾಗೆ.

ಎರಡನೆಯ ಬಾಗಿಲಿಗೆ ಮಗಳು ನನ್ನನ್ನು ಬಲವಂತವಾಗಿ ಒಯ್ದಳು. ಹಳೆಯ ಕಟ್ಟಡದ ಎರಡನೆಯ ಮಾಳಿಗೆ, ಒಂದು ಕೋಣೆ, ಆರು ಜನ, ನೆಲದ ಮೇಲೆ ಚಾಪೆ. ನಡೆಸುವಾಕೆ ಮನೋವಿಜ್ಞಾನ ಓದಿ ಈ ವಿದ್ಯೆಯಲ್ಲಿ ತರಬೇತಿ ಪಡೆದ ಮರಾಠಿ ಹೆಣ್ಣುಮಗಳು. ಮೊದಲ ದಿನವೇ ಮೂರು ಮಾತು ಹೇಳಿದಳು. ಇಲ್ಲಿ ಚೆನ್ನಾಗಿ ಬರೆಯಬೇಕಾಗಿಲ್ಲ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಡಾಕ್ಟರರು ಕೊಟ್ಟ ಔಷಧ ಅವರನ್ನು ಕೇಳದೆ ಬಿಡಬಾರದು.

ಮೂರು ವಾರ ನಾನು ಸ್ಕೇಲು ಇಟ್ಟು ಚೌಕ ಬರೆದೆ. ಲೆಜರ್ ಪುಸ್ತಕದ ಹಾಗೆ ಉದ್ದ ಅಡ್ಡ ಗೆರೆ. ಆಕೆ ಏನೂ ಅನ್ನಲಿಲ್ಲ. ನಾಲ್ಕನೆಯ ವಾರ ಸ್ಕೇಲು ಮರೆತು ಹೋಗಿದ್ದೆ. ಬರಿಗೈಯಿಂದ ಗೆರೆ ಎಳೆದರೆ ಡೊಂಕಾಯಿತು. ಡೊಂಕಾದ ಗೆರೆ ನೋಡುತ್ತ ನೋಡುತ್ತ ಅದು ನಮ್ಮ ಧಾರವಾಡದ ಮನೆಯ ಹಿತ್ತಲ ಭಾವಿಯ ಕಟ್ಟೆಯ ಹಾಗೆ ಕಂಡಿತು. ಹಾಗೇ ಭಾವಿ ಬರೆದೆ. ನೀರು ಸೇದುವ ಗಡಗಡಿ, ಹಗ್ಗ, ಕಟ್ಟೆಯ ಮೇಲೆ ಎರಡು ಕೊಡ, ಒಂದು ದೊಡ್ಡದು ಒಂದು ಸಣ್ಣದು. ಐದು ವರ್ಷದ ಹುಡುಗನೂ ನನಗಿಂತ ಚೆನ್ನಾಗಿ ಬರೆಯುತ್ತಿದ್ದ.

ಆಕೆ ಬಂದು ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಬರೀ ನೋಡಿದಳು. ಆಮೇಲೆ ಮೆಲ್ಲಗೆ, "ಕಾಕಾ, ಹೇ ದೋನ್ ಕಶಾಲಾ?" ಅಂದಳು. ಎರಡು ಯಾಕೆ ಎಂದು.

ಮೂವತ್ತು ವರ್ಷ ಮರಾಠಿಯಲ್ಲಿ ಸಾಲ ಕೊಟ್ಟವನು, ಸಾಲ ವಸೂಲು ಮಾಡಿದವನು ನಾನು. ಆ ದಿನ ಬಾಯಿಗೆ ಮರಾಠಿ ಬರಲಿಲ್ಲ. "ಸಣ್ಣದು ಅವಂದು" ಎಂದೆ, ಕನ್ನಡದಲ್ಲಿ. ಆಕೆಗೆ ಅದು ಅರ್ಥವಾಗಿರಲಿಕ್ಕಿಲ್ಲ. ಆದರೂ ಅರ್ಥವೇನು ಎಂದು ಕೇಳಲಿಲ್ಲ, ಎದ್ದೂ ಹೋಗಲಿಲ್ಲ. ಹದಿಮೂರು ತಿಂಗಳಿನಿಂದ ಬಾರದ ಅಳು ಆಗ ಬಂತು. ಆರು ಜನರಲ್ಲಿ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಆ ಸೌಜನ್ಯವನ್ನು ನಾನು ಮರೆಯಲಾರೆ.

ಇದೇ ಗುಣವಾಗುವುದು ಎಂದು ನಾನು ಹೇಳುತ್ತಿಲ್ಲ. ಗುಳಿಗೆ ಇನ್ನೂ ಎಂಟು ತಿಂಗಳು ನಡೆಯಿತು. ಗ್ಯಾಸಿನ ಗುಂಡಿಯನ್ನು ಈಗಲೂ ಒಮ್ಮೆ ನೋಡಿಯೇ ಮಲಗುತ್ತೇನೆ, ಒಮ್ಮೆ ಮಾತ್ರ. ಆದರೆ ಎರಡೂ ಬಾಗಿಲುಗಳ ವ್ಯತ್ಯಾಸ ನನಗೆ ಅಂದು ತಿಳಿಯಿತು. ಮೊದಲನೆಯ ಕಡೆ ಒಳ್ಳೆಯ ಕಾಗದ, ಒಳ್ಳೆಯ ಬಣ್ಣ ಇದ್ದವು; ನನ್ನ ಚಿತ್ರದ ಅರ್ಥ ಅವರಿಗೆ ಮೊದಲೇ ಗೊತ್ತಿತ್ತು. ಎರಡನೆಯ ಕಡೆ ಆಕೆಗೆ ಗೊತ್ತಿರಲಿಲ್ಲ, ಅದಕ್ಕೇ ಕೇಳಿದಳು. ಕಲಾ ಚಿಕಿತ್ಸೆಯಲ್ಲಿ ಕಲೆಯ ಪಾಲು ಎಷ್ಟು, ಹಾಗೆ ಕೇಳುವವರ ಪಾಲು ಎಷ್ಟು ಎಂದು ಯಾರಾದರೂ ಕೇಳಿದರೆ, ಎರಡನೆಯದೇ ಹೆಚ್ಚು ಎಂದು ನಾನು ಬರೆದುಕೊಡುತ್ತೇನೆ.

ಪರಊರಲ್ಲಿರುವವರಿಗೆ ಇದು ಯಾಕೆ ಮುಖ್ಯ ಎಂಬುದು ಊರಲ್ಲಿರುವ ನಿಮಗೆ ತಿಳಿಯಬೇಕು. ನಾವು ಇಲ್ಲಿ ವ್ಯವಹಾರವನ್ನು ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಮಾಡುತ್ತೇವೆ, ಜಗಳವನ್ನೂ ಮಾಡುತ್ತೇವೆ. ಆದರೆ ದುಃಖ ಕಲಿತ ಭಾಷೆ ಚಿಕ್ಕಂದಿನದು. ಸಮಾಲೋಚಕರ ಎದುರು ಕೂತಾಗ ಮನಸ್ಸಿನಲ್ಲೇ ಅನುವಾದ ಮಾಡುತ್ತ ಕೂಡುತ್ತೇವೆ, ಅಷ್ಟರಲ್ಲಿ ಹೇಳಬೇಕಾದದ್ದು ಆರಿ ಹೋಗಿರುತ್ತದೆ. ಚಿತ್ರಕ್ಕೆ ಅನುವಾದ ಬೇಕಿಲ್ಲ. ಮಾತು ಬಾರದ ಜಾಗದಲ್ಲಿ ಅದು ನಿಂತು ಕಾಯುತ್ತದೆ. ಆಮೇಲೆ ನಮ್ಮ ಮಾತು ತಾನಾಗಿ ಬರುತ್ತದೆ.

ಕನ್ನಡದಲ್ಲೇ ಮಾತಾಡಬೇಕೆನ್ನುವವರಿಗೆ ಈಗ ಒಂದು ದಾರಿಯಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ 'ಟೆಲಿ ಮಾನಸ್' ಸರಕಾರಿ ಸೇವೆ, ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡವೂ ಅದರಲ್ಲಿದೆ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳಿಂದ ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆದಿದ್ದಾರೆ. ಆ ಪುಸ್ತಕಗಳನ್ನು ಪರಊರಲ್ಲಿರುವ ಅಣ್ಣ ತಮ್ಮಂದಿರಿಗೆ ಕಳಿಸಿಕೊಡಿ. ಧಾರವಾಡ ಪೇಡೆ ಕಳಿಸುತ್ತೀರಲ್ಲ, ಅದರ ಜೊತೆಗೆ!

ಕಲಾ ಚಿಕಿತ್ಸೆಗೆ ಹೋಗುವವರು ಕೇಳಿ ತಿಳಿಯಬೇಕಾದ್ದು ಬಹಳವಿಲ್ಲ. ನಡೆಸುವವರು ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ? ಚಿತ್ರ ಯಾರ ಸ್ವತ್ತು, ನನ್ನ ಒಪ್ಪಿಗೆಯಿಲ್ಲದೆ ಗೋಡೆಗೆ ಹಚ್ಚುತ್ತಾರೆಯೇ? ಅಂಕ, ಬಹುಮಾನ ಇದೆಯೇ? ಡಾಕ್ಟರರ ಜೊತೆ ಹೊಂದಿಕೊಂಡು ನಡೆಯುತ್ತಾರೆಯೇ? ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ನೂರು ಪ್ರಶ್ನೆ ಕೇಳುವ ನಾವು ಮನಸ್ಸು ಒಪ್ಪಿಸುವಾಗ ನಾಲ್ಕಾದರೂ ಕೇಳಬೇಡವೇ? ಆ ಕಪ್ಪು ಬಳಿದ ಹೆಣ್ಣುಮಗಳು ಈಗ ಎಲ್ಲಿದ್ದಾಳೋ. ಆಕೆಗೆ ಕೇಳುವವರೊಬ್ಬರು ಸಿಕ್ಕಿರಲಿ.

ಭಾವಿಯ ಚಿತ್ರವನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಬೀರುವಿನಲ್ಲಿ ಪಾಸ್‌ಬುಕ್ಕುಗಳ ಕೆಳಗೆ ಇತ್ತು. ಹೋದ ದೀಪಾವಳಿಗೆ ತಮ್ಮನ ಹೆಂಡತಿ ಠಾಣೆಗೆ ಬಂದಿದ್ದಳು. ಒಂದು ಮಧ್ಯಾಹ್ನ ಏನನ್ನಿಸಿತೋ, ತೆಗೆದು ಕೈಗೆ ಕೊಟ್ಟೆ. ಕಣ್ಣಿಗೆ ಚಸ್ಮಾ ಏರಿಸಿಕೊಂಡು ನೋಡಿದಳು. ಏನು ಹೇಳುತ್ತಾಳೋ ಎಂದು ಒಳಗೊಳಗೇ ಹೆದರಿದ್ದೆ.

"ಭಾವಾರ, ಗಡಗಡಿ ಈ ಕಡೆ ಇದ್ದಿಲ್ಲ, ಪೇರಲ ಗಿಡದ ಕಡೆ ಇತ್ತು. ಗಿಡಾನೇ ಬಿಟ್ಟೀರಿ ನೀವು" ಅಂದಳು.

ಪೆನ್ಸಿಲ್ ತಗೊಂಡು ತಾನೇ ಗಿಡ ಬರೆದಳು. ಅದೂ ಡೊಂಕೇ ಬಂತು.